ಜೇನು ಸಾಕಣೆ ಪುಸ್ತಕದಿಂದ ಓದಿದ ಕತೆ

ಪಂಚಾಯಿತಿ ಲೈಬ್ರರಿಗಳಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಹುಣಸೂರಿನ ನಮ್ಮ ಮನೆಗೆ ಬಂದಿದ್ದರು. ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ಎಂದು ಯಾರೋ ನನ್ನ ಮನೆ ತೋರಿಸಿದ್ದರಂತೆ. ಒಬ್ಬಳು ನೋಟ್‌ಬುಕ್ ತೆಗೆದು, "ಸರ್, ಕತೆ ಕಾದಂಬರಿ ಓದಿದ್ರೆ ಜನಕ್ಕೆ ಇನ್ನೊಬ್ಬರ ಕಷ್ಟ ಅರ್ಥ ಆಗುತ್ತೆ ಅಂತ ಟ್ರೈನಿಂಗಲ್ಲಿ ಹೇಳಿದ್ರು. ನಿಮ್ಮ ಅನುಭವದಲ್ಲಿ ಹೌದಾ?" ಎಂದು ಕೇಳಿದಳು. ನಾನು ಹೌದು ಎಂದೆ. ಸ್ವಲ್ಪ ಹೊತ್ತಾದ ಮೇಲೆ ಇಲ್ಲ ಎಂದೆ. ಆಮೇಲೆ ಟೀ ಆರಿಹೋಗುತ್ತೆ, ಕುಡೀರಮ್ಮ ಎಂದೆ. ಪಾಪ, ಅವಳು ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳದೆ ಹಾಗೇ ಮುಚ್ಚಿಟ್ಟಳು. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಅದಕ್ಕೇ ಈ ಬರಹ. ಇದನ್ನು ಓದಿದ ಮೇಲೆ ನಿಮಗೆ ಉತ್ತರ ಸಿಕ್ಕಿದರೆ ನನಗೂ ಒಂದು ಮಾತು ತಿಳಿಸಿ.

ನಾನು ಹುಣಸೂರಿನ ಬಡಗಿ ಮನೆತನದವನು. ಅಪ್ಪ, ದೊಡ್ಡಪ್ಪ ಎಲ್ಲ ಮರದ ಕೆಲಸದವರು. ನನ್ನ ಕೈಗೆ ಉಳಿ ಕೊಟ್ಟರೆ ಮರಕ್ಕಿಂತ ಬೆರಳನ್ನೇ ಹೆಚ್ಚು ಕೆತ್ತಿಕೊಳ್ಳುತ್ತಿದ್ದೆ. ಕನ್ನಡ ಶಾಲೆಯಲ್ಲಿ ಓದಿ, ಸಿಕ್ಕಿದ ಕಾದಂಬರಿಯನ್ನೆಲ್ಲ ನುಂಗುತ್ತಿದ್ದ ನನ್ನನ್ನು ಯಾರೋ ಪುಣ್ಯಾತ್ಮರು ಹನಗೋಡಿನ ಆಚೆಯ ಒಂದು ಊರಿನ ಲೈಬ್ರರಿಗೆ ಮೇಲ್ವಿಚಾರಕ ಎಂದು ಸೇರಿಸಿದರು. ಊರಿನ ಹೆಸರು ಬೇಡ. ಇಲ್ಲಿ ಬರುವ ಜನರ ಹೆಸರನ್ನೂ ಬದಲಿಸಿದ್ದೇನೆ. ಮೇಲ್ವಿಚಾರಕ ಎಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಬಾಗಿಲು ತೆಗೆಯುವವನು, ಕಸ ಗುಡಿಸುವವನು, ಪುಸ್ತಕ ಕೊಡುವವನು, ಕೊಟ್ಟ ಪುಸ್ತಕಕ್ಕಾಗಿ ಮನೆಮನೆ ಅಲೆಯುವವನು, ಎಲ್ಲ ನಾನೇ. ಊರಿನವರಿಗೆ ನಾನು ಲೈಬ್ರರಿ ಸಾಬ್ರು.

ಮೊದಲ ವರ್ಷ ಮೇಲಿನವರು ಹೇಳಿದಂತೆ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿ ಸಾಲಾಗಿ ಜೋಡಿಸಿದೆ. ಬಂದವರು ಯಾರೂ ನಂಬರು ಕೇಳಲಿಲ್ಲ. "ಸಾಬ್ರೇ, ಅಳೋದೈತಾ?" "ಸಾಬ್ರೇ, ಕೊನೇಲಿ ಒಂದಾಗೋದು ಕೊಡಿ." "ಹೋದ್ಸಲ ಕೊಟ್ರಲ್ಲ, ಅತ್ತೆ ಕಾಟದ್ದು, ಅಂಥದ್ದೇ ಇನ್ನೊಂದು." ಹೀಗೆ ಕೇಳುತ್ತಿದ್ದರು. ನಾಲ್ಕು ತಿಂಗಳು ನೋಡಿದೆ. ಆಮೇಲೆ ನಂಬರನ್ನು ಹಾಗೇ ಬಿಟ್ಟು, ಕಪಾಟಿನಲ್ಲಿ ಅಳುವುದು ಒಂದು ಕಡೆ, ನಗುವುದು ಒಂದು ಕಡೆ, ಕೊಲೆಯದು ಒಂದು ಕಡೆ ಎಂದು ಇಟ್ಟೆ. ತಪಾಸಣೆಗೆ ಬಂದ ಸಾಹೇಬರು ಅದನ್ನು ಕಂಡು ಕೆಂಡವಾದರು. ಇದು ಲೈಬ್ರರಿಯೋ ಕಿರಾಣಿ ಅಂಗಡಿಯೋ ಎಂದರು. ಅವರು ಜೀಪು ಹತ್ತುವವರೆಗೆ ತಲೆ ತಗ್ಗಿಸಿ ನಿಂತಿದ್ದೆ. ಹೋದ ಮೇಲೆ ಹಾಗೇ ಮುಂದುವರಿಸಿದೆ.

ಈ ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಮ್ಮೆ ಮೈಸೂರಿನಲ್ಲಿ ನಮ್ಮನ್ನೆಲ್ಲ ಕೂರಿಸಿ, ಸಾಹಿತ್ಯ ಹೇಗೆ ಮನುಷ್ಯನ ಹೃದಯವನ್ನು ಹಿಗ್ಗಿಸುತ್ತದೆ ಎಂದು ಎರಡು ಗಂಟೆ ಮಾತಾಡಿದರು. ಬಹಳ ಚೆನ್ನಾಗಿ ಮಾತಾಡಿದರು, ನನ್ನ ಕಣ್ಣಲ್ಲೂ ನೀರು ಬಂತು. ಹೊರಗೆ ಬಂದರೆ ಅವರ ಡ್ರೈವರ್ ಊಟವಿಲ್ಲದೆ ಜೀಪಿನಲ್ಲೇ ಕೂತಿದ್ದ. ಸಾಹೇಬರ ಕೈಚೀಲ ಕಾಯುವುದಕ್ಕೆ ಅವನನ್ನು ಅಲ್ಲಿಂದ ಏಳಗೊಟ್ಟಿರಲಿಲ್ಲ. ಅವತ್ತೇ ನನ್ನ ತಲೆ ಸ್ವಲ್ಪ ಕೆಟ್ಟಿತು. ಅವರು ಓದಿದ್ದು ಸುಳ್ಳಲ್ಲ. ನಾನು ಓದದ ಎಷ್ಟೋ ಪುಸ್ತಕಗಳನ್ನು ಓದಿದವರು. ಹಾಗಾದರೆ ಓದಿದ್ದೆಲ್ಲ ಎಲ್ಲಿಗೆ ಹೋಗುತ್ತದೆ?

ನಾನೂ ಎಡವಟ್ಟು ಮಾಡದವನಲ್ಲ. ಊರಿನ ಮಾದಪ್ಪ ಎನ್ನುವವರ ಮಗ ಕುಡಿತಕ್ಕೆ ಬಿದ್ದಿದ್ದ. ಮಾದಪ್ಪನವರು ಯಾರ ಹತ್ತಿರವೂ ಹೇಳಿಕೊಳ್ಳುವವರಲ್ಲ. ಕುಡುಕ ಮಗನಿಗಾಗಿ ನವೆಯುವ ಒಬ್ಬ ತಂದೆಯ ಕಾದಂಬರಿ ನನ್ನ ಹತ್ತಿರ ಇತ್ತು. ಓದಿದರೆ ಈ ಕಷ್ಟ ತನಗೊಬ್ಬನಿಗೇ ಅಲ್ಲ ಎಂದು ಸಮಾಧಾನವಾದೀತು ಎಂದು ನಾನಾಗಿಯೇ ಅವರ ಕೈಗಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು.

"ಸಾಬ್ರೇ, ನಮ್ಮನೆ ವಿಷ್ಯ ಯಾರ್ಗೇಳಿ ಬರಿಸಿದ್ರಿ ಇದ್ನ?"

"ಅಯ್ಯೋ ಮಾದಪ್ನೋರೇ, ಇದು ನೀವು ನಾವು ಹುಟ್ಟೋಕೆ ಮುಂಚೆ ಬರೆದ ಪುಸ್ತಕ."

"ಸುಳ್ಳೇಳ್ಬ್ಯಾಡಿ. ಅಟ್ಟದ್ಮ್ಯಾಲೆ ಬಾಟ್ಲಿ ಬಚ್ಚಿಡೋದು ಸುದಾ ಅಂಗಂಗೇ ಐತೆ. ಊರ್ ತುಂಬ ಡಂಗುರ ಹೊಡ್ಸಿ ಬುಡಿ."

ಪುಸ್ತಕವನ್ನು ಮೇಜಿನ ಮೇಲೆ ಎಸೆದು ಹೋದವರು ಮತ್ತೆ ಲೈಬ್ರರಿಯ ಮೆಟ್ಟಿಲು ಹತ್ತಲಿಲ್ಲ. ತನ್ನದಲ್ಲದ ಕತೆಯನ್ನು ಆ ಮನುಷ್ಯ ತನ್ನದೇ ಎಂದುಕೊಂಡರು. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಹೊಗೆಸೊಪ್ಪಿನ ಸೀಮೆ. ಬ್ಯಾರನ್ ಎನ್ನುವ ಬೆಂಕಿಗೂಡಿನ ಮನೆಯಲ್ಲಿ ಸೊಪ್ಪು ಬೇಯಿಸಿ ಇಳಿಸಿದ ಮೇಲೆ ಹೆಂಗಸರು ಕೊಟ್ಟಿಗೆಯಂಥ ಉದ್ದನೆಯ ಶೆಡ್ಡಿನಲ್ಲಿ ಕೂತು ಎಲೆ ಬೇರೆ ಮಾಡುತ್ತಾರೆ. ಹಳದಿ ಒಂದು ಗುಡ್ಡೆ, ಕಂದು ಒಂದು ಗುಡ್ಡೆ, ಕಪ್ಪು ತಿರುಗಿದ್ದು ಇನ್ನೊಂದು. ಇದಕ್ಕೆ ಗ್ರೇಡ್ ಮಾಡುವುದು ಎನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತಲ್ಲೇ ಕೆಲಸ, ನಾಲ್ಕೈದು ತಿಂಗಳು. ಆ ಕಾಲದಲ್ಲಿ ಒಬ್ಬ ಹೆಂಗಸೂ ಲೈಬ್ರರಿಗೆ ಬರುತ್ತಿರಲಿಲ್ಲ. ಬಂದರೂ ಹೆಚ್ಚಿನವರಿಗೆ ಓದಲು ಬಾರದು. ಅವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಒಂದು ಮಧ್ಯಾಹ್ನ ಕಾದಂಬರಿ ಹಿಡಿದು ಪುಟ್ಟಸ್ವಾಮಿಗೌಡರ ಶೆಡ್ಡಿಗೆ ಹೋದೆ. ನೀವು ಕೆಲಸ ಮಾಡಿ, ನಾನು ಓದುತ್ತೇನೆ ಎಂದೆ.

ಗೌಡರು ಹೊರಗಿನಿಂದಲೇ, "ಓದ್ಕಳಿ ಸಾಬ್ರೇ, ಆದ್ರೆ ಕೈ ನಿಲ್ಲಂಗಿಲ್ಲ" ಎಂದರು.

ಹದಿನೈದು ದಿನದಲ್ಲಿ ಊರಿನಲ್ಲಿ ಸುದ್ದಿಯಾಯಿತು. ನಾನು ಒಂದು ದಿನ ತಡಮಾಡಿದರೆ ಹೆಂಗಸರು ಯಾರನ್ನಾದರೂ ಕಳಿಸುತ್ತಿದ್ದರು. ಗೌಡರಿಗೆ ಮಾತ್ರ ಒಂದು ತಕರಾರು. ಕತೆಯಲ್ಲಿ ಅಳುವ ಜಾಗ ಬಂದಾಗಲೆಲ್ಲ ಹೆಂಗಸರ ಕಣ್ಣು ಮಂಜಾಗಿ ಹಳದಿ ಎಲೆ ಕಂದಿನ ಗುಡ್ಡೆಗೆ, ಕಂದು ಎಲೆ ಹಳದಿಗೆ ಬೀಳುತ್ತಿದ್ದವು. "ಸಾಬ್ರೇ, ನಗ್ಸೋದೇನಾರ ಓದಿ. ನಿಮ್ ಕತೆ ದೆಸೆಯಿಂದ ನನ್ ಗ್ರೇಡೆಲ್ಲ ಕೆಡ್ತಾ ಐತೆ" ಎಂದು ಗೋಗರೆಯುತ್ತಿದ್ದರು. ಯಾವ ಕತೆ ಎಷ್ಟು ಒಳಗೆ ಇಳಿಯಿತು ಎನ್ನುವುದನ್ನು ನಾನು ಆ ಗುಡ್ಡೆಗಳನ್ನು ನೋಡಿ ತಿಳಿಯುತ್ತಿದ್ದೆ. ಈಗ ಕಂಪ್ಯೂಟರಿನಲ್ಲಿ ಎಷ್ಟು ಜನ ಯಾವ ಪುಟ ತೆರೆದರು ಎಂದು ಗೊತ್ತಾಗುತ್ತದಂತೆ. ಗೊತ್ತಾಗಲಿ, ಒಳ್ಳೆಯದು. ನನಗೆ ಎಲೆಯೇ ಸಾಕಾಗಿತ್ತು.

ಶೆಡ್ಡಿನ ಹೆಂಗಸರಿಗೆ ಯಜಮಾನಿ ಎಂದರೆ ಕೆಂಪಮ್ಮ. ದೊಡ್ಡ ಗಂಟಲು, ದೊಡ್ಡ ನಗು, ಅಷ್ಟೇ ದೊಡ್ಡ ಅಳು. ಮೂಲೆಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದವಳು ಸಣ್ಣತಾಯಮ್ಮ. ಸಣ್ಣತಾಯಮ್ಮನ ಗಂಡ ಕಾಫಿ ಕುಯ್ಯಲು ಕೊಡಗಿಗೆ ಹೋದವನು ತಿರುಗಿ ಬರಲಿಲ್ಲ. ಹೋದಾಗ ಮಗಳಿಗೆ ಎರಡು ವರ್ಷ. ಸತ್ತನೋ, ಬೇರೆ ಸಂಸಾರ ಕಟ್ಟಿಕೊಂಡನೋ, ಒಂದೂ ಗೊತ್ತಿಲ್ಲ. ಇತ್ತ ಮುತ್ತೈದೆಯೂ ಅಲ್ಲ, ಅತ್ತ ಅದೂ ಅಲ್ಲ. ಹಣೆಗೆ ಕುಂಕುಮ ಇಟ್ಟರೆ ಒಂದು ಮಾತು, ಇಡದಿದ್ದರೆ ಇನ್ನೊಂದು ಮಾತು.

ಆಕೆಗೂ ನನಗೂ ಒಂದು ಗುಟ್ಟು ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ, ಯಾರೂ ಇಲ್ಲದ ಹೊತ್ತು ನೋಡಿ ಲೈಬ್ರರಿಗೆ ಬರುತ್ತಿದ್ದಳು. ಹಿಂದಿನ ವಾರದ ಪೇಪರುಗಳಲ್ಲಿ 'ಅಪರಿಚಿತ ಶವ ಪತ್ತೆ' ಎನ್ನುವ ಪ್ರಕಟಣೆಗಳಿರುತ್ತವಲ್ಲ, ಅವನ್ನು ನಾನು ಓದಿ ಹೇಳಬೇಕು. ಎತ್ತರ ಇಷ್ಟು, ಮೈಬಣ್ಣ ಇದು, ತೊಟ್ಟಿದ್ದು ನೀಲಿ ಗೆರೆಯ ಅಂಗಿ. ಆಕೆ ಕಂಬಕ್ಕೆ ಒರಗಿ ಕೇಳುವಳು. ಎಲ್ಲ ಮುಗಿದ ಮೇಲೆ, "ಅಲ್ಲ ಬುಡಿ" ಎಂದು ಸೆರಗು ಕೊಡವಿ ಹೊರಡುವಳು. ಆ 'ಅಲ್ಲ ಬುಡಿ'ಯಲ್ಲಿ ಸಮಾಧಾನವಿತ್ತೋ ಬೇಸರವಿತ್ತೋ ನನಗೆ ಒಂದು ಸಲವೂ ತಿಳಿಯಲಿಲ್ಲ. ಏಳು ವರ್ಷ ಹೀಗೆ ಓದಿದ್ದೇನೆ.

ಒಂದು ದಿನ ಶೆಡ್ಡಿನಲ್ಲಿ ಗಂಡ ಬಿಟ್ಟುಹೋದ ಹೆಂಗಸಿನ ಕಾದಂಬರಿಯೊಂದು ಮುಗಿಯಿತು. ಎಲ್ಲರೂ ಅತ್ತರು. ಕೆಂಪಮ್ಮ ಮೂಗು ಸೀಟಿ, "ಆ ತಾಯಿ ಪಟ್ಟ ಪಾಡು ಯಾವ ಶತ್ರೂಗೂ ಬ್ಯಾಡ ಕಣ್ರವ್ವ" ಎಂದಳು. ಕಣ್ಣೀರು ಒರೆಸಿದ ಕೈ ಇನ್ನೂ ಒದ್ದೆಯಾಗಿತ್ತು. ಅದೇ ಉಸಿರಿನಲ್ಲಿ ಬಾಗಿಲ ಕಡೆ ತಿರುಗಿ, "ಏನ್ ಸಣ್ತಾಯವ್ವ, ಇವತ್ತು ಕುಂಕುಮ ಜೋರಾಗೈತೆ, ಯಾರ್ ಬತ್ತರೆ ಅಂತ?" ಎಂದು ನಕ್ಕಳು. ಉಳಿದವರೂ ನಕ್ಕರು. ಸಣ್ಣತಾಯಮ್ಮ ಎಲೆ ನೋಡುತ್ತಾ ಕೂತಳು.

ನನಗೆ ಮೈಯೆಲ್ಲ ಉರಿಯಿತು. "ಕೆಂಪಮ್ಮ, ಪುಸ್ತಕದಲ್ಲಿರೋಳಿಗೆ ಅಳ್ತೀಯ, ಎದುರಿಗಿರೋಳ ಮೇಲೆ ನಗ್ತೀಯಲ್ಲ" ಎಂದುಬಿಟ್ಟೆ.

"ಸಾಬ್ರಿಗ್ಯಾಕೆ ಕುಂಕುಮದ ಪಂಚಾಯ್ತಿ? ನೀವು ಓದಿ ಸುಮ್ಕೆ" ಎಂದಳು. ಅವಳು ಹೇಳಿದ್ದು ಸರಿಯೇ. ನಮ್ಮ ಮನೆಗಳಲ್ಲಿ ಕುಂಕುಮವಿಲ್ಲ. ಅದು ಒಬ್ಬ ಹೆಂಗಸಿಗೆ ಏನು, ಅದನ್ನು ಅಳಿಸಿದರೆ ಏನು ಎನ್ನುವುದನ್ನು ನಾನು ತಿಳಿದದ್ದೇ ಕಾದಂಬರಿಗಳಿಂದ. ಬಡಗಿ ಸಾಬರ ಮಗನಿಗೆ ಅರ್ಥವಾದದ್ದು ಕೆಂಪಮ್ಮನಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು ತಲೆ ಬಿಸಿಯಾಯಿತು.

ಮಾರನೆಯ ದಿನ ನಾನು ಮಾಡಿದ ಕೆಲಸವನ್ನು ನೀವು ಯಾರೂ ಮಾಡಬೇಡಿ. ಇಲಾಖೆಯಿಂದ ಬಂದಿದ್ದ ಜೇನು ಸಾಕಣೆಯ ಕೈಪಿಡಿಯೊಂದಕ್ಕೆ ಕಂದು ಕಾಗದದ ಹೊದಿಕೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಹೊಸ ಕಾದಂಬರಿ ಬಂದಿದೆ ಎಂದೆ. ಪುಸ್ತಕ ತೆರೆದು, ಜೇನುಪೆಟ್ಟಿಗೆಯ ಅಳತೆಗಳ ಮೇಲೆ ಕಣ್ಣಿಟ್ಟು, ಬಾಯಿಂದ ಸಣ್ಣತಾಯಮ್ಮನ ಕತೆ ಓದತೊಡಗಿದೆ. ಊರು ಸಮುದ್ರದ ದಂಡೆಗೆ ಹೋಯಿತು. ಹೊಗೆಸೊಪ್ಪು ಹೋಗಿ ಮೀನು ಬಂತು. ಕಾಫಿ ಕುಯ್ಯಲು ಹೋದ ಗಂಡ ದೋಣಿಯಲ್ಲಿ ಹೋದವನಾದ. ಹೆಂಗಸಿನ ಹೆಸರು ಜಲಜ ಎಂದಿಟ್ಟೆ. ಜಲಜ ಪ್ರತಿ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕುಂಕುಮದ ಭರಣಿ ಮುಟ್ಟುತ್ತಾಳೆ, ಬಿಡುತ್ತಾಳೆ. ವಾರಕ್ಕೊಮ್ಮೆ ಬಂದರಿನ ಆಫೀಸಿಗೆ ಹೋಗಿ, ದಡಕ್ಕೆ ಬಂದ ಹೆಣಗಳ ಗುರುತು ಕೇಳುತ್ತಾಳೆ. "ಅಲ್ಲ ಬಿಡಿ" ಎಂದು ಸೆರಗು ಕೊಡವಿ ವಾಪಸ್ ಬರುತ್ತಾಳೆ.

ನಾಲ್ಕು ದಿನ ಹೀಗೆ ಓದಿದೆ. ಎರಡು ಪುಟಕ್ಕೊಮ್ಮೆ ಹಾಳೆ ಮಗುಚುವುದನ್ನೂ ಮರೆಯಲಿಲ್ಲ. ನಾಲ್ಕನೆಯ ದಿನ ಸೊಪ್ಪು ಸಾಗಿಸುವ ಗಾಡಿ ಬಂದಿದೆ ಎಂದು ಗೌಡರು ಅವಸರ ಮಾಡಿದರು. ಕತೆಗೆ ಏನು ಕೊನೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಒಂದು ಸೋಮವಾರ ಜಲಜ ಬಂದರಿನ ಆಫೀಸಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು ಹರವಿದಳು. ಆಮೇಲೆ ಯಾವ ಸೋಮವಾರವೂ ಹೋಗಲಿಲ್ಲ. ಅಷ್ಟೇ, ಪುಸ್ತಕ ಮುಚ್ಚಿದೆ.

ಕೆಂಪಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಗೌಡರು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಎಲ್ಲರ ಗುಡ್ಡೆಯೂ ಕಲಸಿಹೋಗಿತ್ತು. ಸಣ್ಣತಾಯಮ್ಮನದೊಂದು ಮಾತ್ರ ಒಂದು ಎಲೆಯೂ ಆಚೀಚೆ ಆಗದೆ ಚೊಕ್ಕವಾಗಿತ್ತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ನನ್ನೊಬ್ಬನನ್ನೇ ನಂಬಿ ಹೇಳಿಕೊಂಡಿದ್ದನ್ನು ನಾನು ಹದಿನೈದು ಜನರ ಮುಂದೆ ಹರವಿದ್ದೆ. ಮುಂದಿನ ಸೋಮವಾರ ಆಕೆ ಲೈಬ್ರರಿಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಸರಿದುಹೋಗುತ್ತಿದ್ದಳು. ನಾನು ಪ್ರಕಟಣೆಗಳನ್ನು ಒಬ್ಬನೇ ಓದಿಕೊಳ್ಳುತ್ತಿದ್ದೆ. ಕ್ಷಮಿಸವ್ವ ಎನ್ನಲು ಎಷ್ಟು ಸಲ ಬಾಯಿ ತೆರೆದೆನೋ, ಮಾತು ಹೊರಡಲಿಲ್ಲ.

ಇತ್ತ ಕೆಂಪಮ್ಮನ ವಿಷಯ ಕೇಳಿ. ಆ ಸಂಕ್ರಾಂತಿಗೆ ಶೆಡ್ಡಿನಲ್ಲಿ ಎಳ್ಳು ಬೀರುವಾಗ ನಾನು ಅಲ್ಲೇ ಇದ್ದೆ. ಕೆಂಪಮ್ಮ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋಗುತ್ತಾ, ಯಾವಾಗಲೂ ದಾಟಿಹೋಗುತ್ತಿದ್ದ ಸಣ್ಣತಾಯಮ್ಮನ ಮುಂದೆ ನಿಂತಳು. "ಇಟ್ಕಂಡ್ರೆ ಇಟ್ಕ, ಬ್ಯಾಡಾದ್ರೆ ಬುಡು. ನಿನ್ನಿಷ್ಟ ಕಣವ್ವ" ಎಂದಳು. ಸಣ್ಣತಾಯಮ್ಮ ಒಂದು ಚಿಟಿಕೆ ತೆಗೆದು ಇಟ್ಟುಕೊಂಡಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಗೆದ್ದೆ ಅಂದುಕೊಂಡೆ. ಹೊರಗೆ ಕೆಂಪಮ್ಮ ಸಿಕ್ಕಾಗ, "ಜಲಜನ ಕತೆ ಕೇಳಿ ಮನಸು ಬದಲಾಯ್ತು ಅಲ್ವಾ?" ಎಂದೆ.

"ಯಾವ ಜಲಜ? ಓ ಅದಾ. ಅಲ್ಲ ಕಣ್ ಸಾಬ್ರೇ, ನಮ್ ತಮ್ಮನ್ ಮಗ್ಳ ಗಂಡ ಓದ್ವಾರ ಮನೆ ಬುಟ್ಟೋದ. ಆ ಮಗೀನ್ ಮಕ ನೋಡಕ್ಕಾಗಲ್ಲ. ಅದ್ಕೇಯ."

ಅಲ್ಲಿಗೆ ನನ್ನ ಸಾಹಿತ್ಯದ ಬಲೂನು ಠುಸ್ ಎಂದಿತು. ಕತೆಯಿಂದ ಕೆಂಪಮ್ಮ ಬದಲಾಗಲಿಲ್ಲ, ಸಣ್ಣತಾಯಮ್ಮ ನೊಂದಳು, ಇಷ್ಟೇ ಲೆಕ್ಕಕ್ಕೆ ಉಳಿದದ್ದು ಎಂದು ತೀರ್ಮಾನಿಸಿದೆ. ಇನ್ನೆಂದೂ ಇಲ್ಲದ ಪುಸ್ತಕ ಓದಲಿಲ್ಲ. ಸಾಹೇಬರೂ ಅದೇ ವರ್ಷ ಒಂದು ಮಧ್ಯಾಹ್ನ ತಪಾಸಣೆಗೆ ಬಂದು, ನಾನು ಶೆಡ್ಡಿನಲ್ಲಿದ್ದುದರಿಂದ ಲೈಬ್ರರಿಗೆ ಬೀಗ ಕಂಡು ನೋಟಿಸು ಕೊಟ್ಟರು. ಹೆಂಗಸರಿಗೆ ಓದಿ ಹೇಳುತ್ತಿದ್ದೆ ಎಂದು ವಿವರಣೆ ಬರೆದೆ. ಓದಿ ಹೇಳುವುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ ಎಂದು ಉತ್ತರ ಬಂತು. ಸ್ವಲ್ಪ ವರ್ಷ ಬಿಟ್ಟು ಶೆಡ್ಡಿಗೆ ಮೊಬೈಲು ಬಂತು. ಹಾಡು, ಸೀರಿಯಲ್ಲು ಎಲ್ಲ ಅದರಲ್ಲೇ. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಲೈಬ್ರರಿಗೂ ಕಂಪ್ಯೂಟರು ಬಂತು, ಅದರ ಹಿಂದೆಯೇ ನನ್ನ ನಿವೃತ್ತಿಯೂ ಬಂತು.

ಹೋದ ಅವರೆಕಾಯಿ ಕಾಲದಲ್ಲಿ, ಒಂದು ಬೆಳಿಗ್ಗೆ, ಹುಣಸೂರಿನ ನಮ್ಮ ಮನೆ ಬಾಗಿಲಲ್ಲಿ ಒಬ್ಬ ಹೆಂಗಸು ಚೀಲ ಹೊತ್ತು ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಣೆಯಲ್ಲಿ ಕುಂಕುಮ ಇತ್ತು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ನಾನು ಕಣ್ ಸಾಬ್ರೇ, ಸಣ್ತಾಯಿ."

ನನ್ನ ಹೆಂಡತಿ ಒಳಗೆ ಕರೆದು ಕೂರಿಸಿದಳು. ಇಷ್ಟು ವರ್ಷದ ಮೇಲೆ ಬೈಯಲು ಬಂದಿದ್ದಾಳೆ, ಬೈಯಲಿ, ಒಳ್ಳೆಯದೇ ಆಯಿತು ಎಂದುಕೊಂಡು ಎದುರಿಗೆ ಕೂತೆ.

"ಸಾಬ್ರೇ, ನಿಮ್ತಾವ ಒಂದ್ ಪುಸ್ತಕ ಇತ್ತಲ್ಲ, ಜಲಜಂದು. ಅದು ಬೇಕಿತ್ತು. ಮೊಮ್ಮಗ್ಳು ಓದ್ತಾಳೆ ಈಗ. ಓದ್ಸಿ ಕೇಳವಾ ಅಂತ."

ನನಗೆ ತಬ್ಬಿಬ್ಬಾಯಿತು. "ಅದು... ಹಳೇದಾಗಿತ್ತವ್ವ. ರದ್ದಿಗೆ ಹೋಯ್ತು" ಎಂದೆ.

"ಓಗ್ಲಿ ಬುಡಿ. ಅವ್ಳ ಊರಾರ ಏಳಿ. ಅವತ್ತು ನೀವು ಊರ್ ಎಸ್ರು ಓದ್ಲೇ ಇಲ್ಲ. ನಮ್ ಸಂಗದೋರೆಲ್ಲ ಬರೋ ವಾರ ಸಮುದ್ರದ್ ಕಡೆ ಓಯ್ತಾ ಇದೀವಿ. ಎಂಗಸ್ರಿಗೆ ಬಸ್ಸು ಪ್ರೀ ಅಲ್ವಾ? ಅಂಗೇ ಅವಳ್ನೂ ಒಂದ್ಸಲ ಮಾತಾಡಿಸ್ಕಂಡ್ ಬಂದ್ಬುಡ್ತೀನಿ. ಇದು ನಿಮ್ಗೆ ತಂದಿದ್ದು. ಇಂಥ ಅವ್ರೆಕಾಯಿ ಆ ಕಡೆ ಸಿಕ್ಕಕಿಲ್ವಂತೆ. ಓಗೋ ದಿನಾನೂ ಇಂಗೇ ಒಂದ್ ಚೀಲ ಕುಯ್ಕಂಡು ಕೊಡವಾ ಅಂತ ಅಂದ್ಕಂಡಿವ್ನಿ."

ನಾನು ಚೀಲ ನೋಡಿದೆ. ಅವಳ ಮುಖ ನೋಡಿದೆ. ಅದರಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ.

"ಯಾಕವ್ವ ಅವಳನ್ನ ನೋಡಬೇಕು?" ಎಂದೆ.

"ಯಾಕೆ ಅಂದ್ರೆ? ನನ್ ಪಾಡೇ ಅಲ್ವಾ ಅವ್ಳ್ದೂ? ನನ್ ಥರ ಇನ್ನೊಬ್ಳವ್ಳೆ ಅಂತ ಗೊತ್ತಾದ್ದೇ ಅವತ್ತು. ಅವತ್ತು ಶೆಡ್ಡಲ್ಲಿ ಎಲ್ರೂ ಅಳ್ತಿದ್ರು, ನಂಗೆ ಮಾತ್ರ ಒಟ್ಟೆ ತಣ್ಣಗಾಗೋಗಿತ್ತು. ಅವ್ಳು ಆಪೀಸಿಗೆ ಓಗೋದ್ ಬುಟ್ಳಲ್ಲ, ನಾನೂ ಬುಟ್ಟೆ. ಮನೇಲಿದ್ದ ಬಟ್ಟೆನೆಲ್ಲ ಒಗ್ದಾಕ್ದೆ. ನಿಮ್ಗೇಳ್ದೇನೆ ಬುಟ್ಬುಟ್ಟೆ ಅಂತ ನಿಮ್ ಮುಂದೆ ನಿಲ್ಲಕ್ಕೆ ನಾಚ್ಕೆ ಆಯ್ತಿತ್ತು. ಅಷ್ಟ್ ವರ್ಸ ಓದ್ ಓದಿ ಏಳಿದ್ರಿ ಪಾಪ."

ಇಷ್ಟು ವರ್ಷ ನಾನು ಹೊತ್ತ ಭಾರವೆಲ್ಲ ಸುಳ್ಳಾಗಿತ್ತು. ಮಾದಪ್ಪನವರು ತಮ್ಮದಲ್ಲದ್ದನ್ನು ತಮ್ಮದೆಂದರು. ಈಕೆ ತನ್ನದೇ ಕತೆಯನ್ನು ಇನ್ನೊಬ್ಬಳದು ಎಂದುಕೊಂಡು, ಆ ಇನ್ನೊಬ್ಬಳ ಜೊತೆ ಇಷ್ಟು ಕಾಲ ಬಾಳಿದ್ದಳು. ಆಗಲೇ ನಾನು ಸುಮ್ಮನಿರಬೇಕಿತ್ತು. ಯಾವುದಾದರೂ ಊರಿನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿಗೆ ಹೋಗಿ ಬೀದಿ ಬೀದಿ ಕೇಳಿ, ಯಾರೂ ಇಲ್ಲ ಅನ್ನಿಸಿಕೊಂಡು ಚೀಲ ಹೊತ್ತು ವಾಪಸ್ ಬರುವ ಅವಳ ಚಿತ್ರ ಕಣ್ಣಿಗೆ ಬಂತು. ಸುಳ್ಳಿನ ಮೇಲೆ ಸುಳ್ಳು ಹೇಳುವ ಧೈರ್ಯ ಸಾಲಲಿಲ್ಲ.

"ಸಣ್ಣತಾಯಮ್ಮ, ನನ್ನ ಕ್ಷಮಿಸಿಬಿಡು. ಜಲಜ ಅಂತ ಯಾರೂ ಇಲ್ಲ. ಆ ಪುಸ್ತಕವೂ ಇಲ್ಲ. ನನ್ನ ಕೈಲಿದ್ದದ್ದು ಜೇನು ಸಾಕೋ ಪುಸ್ತಕ. ಓದಿದ್ದು ನಿನ್ನ ಕತೇನೇ."

"ನಂದಾ?"

"ನಿಂದೇ ಕಣವ್ವ."

ಅವಳು ಚೀಲದ ಬಾಯಿ ಬಿಗಿದಳು. ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

"ಅಂಗಾರೆ ಅವ್ಳು ಇಲ್ವಾ?"

"ಇಲ್ಲ."

"ಇಷ್ಟ್ ವರ್ಸ ಇಬ್ರಿದೀವಿ ಅಂದ್ಕಂಡಿದ್ದೆ ಕಣ್ ಸಾಬ್ರೇ."

ಇಷ್ಟು ಹೇಳಿ ಎದ್ದಳು. ಹೆಂಡತಿ ತಂದ ಟೀ ಮುಟ್ಟಲಿಲ್ಲ. ನಮಗೆಂದು ತಂದ ಅವರೆಕಾಯಿ ಚೀಲವನ್ನೇ ಮತ್ತೆ ಎತ್ತಿಕೊಂಡು, ಇದನ್ನು ಏನು ಮಾಡುವುದು ಎಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ನಿಂತು, ಬಸ್ ಸ್ಟ್ಯಾಂಡ್ ಕಡೆ ನಡೆದಳು. ನನ್ನ ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಜೀವಮಾನವೆಲ್ಲ ಪುಸ್ತಕ ಓದಿದ್ರಿ, ಬಾಯಿ ಮುಚ್ಚಿಕೊಂಡಿರೋದು ಯಾವ ಪುಸ್ತಕದಲ್ಲೂ ಇರಲಿಲ್ವಾ?" ಎಂದಳು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಹೇಳಿದ್ದು ಸರಿಯೋ ತಪ್ಪೋ ಎಂದು ದಿನಕ್ಕೆ ನಾಲ್ಕು ಸಲ ನಿರ್ಧಾರ ಬದಲಿಸುತ್ತಿದ್ದೆ. ಈಗಲೂ ಗೊತ್ತಿಲ್ಲ.

ಹದಿನೈದು ದಿನವಾದ ಮೇಲೆ ಮತ್ತೆ ಬಂದಳು. ಅವಳನ್ನು ಕಂಡು ಕುರ್ಚಿಯಿಂದ ಎದ್ದು ನಿಂತೆ. ಈ ಸಲ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಇತ್ತು. ತಾನಾಗಿಯೇ ಕೂತಳು, ನೀರು ಕೇಳಿ ಕುಡಿದಳು.

"ಓಗಿದ್ದೆ ಸಾಬ್ರೇ, ಸಂಗದೋರ್ ಜೊತೆ. ಕೊಡವಾ ಅಂದ್ಕಂಡಿದ್ನಲ್ಲ ಅಂತ ಅವ್ರೆಕಾಯೂ ಒತ್ಕಂಡ್ ಓದೆ. ದಡದಾಗೆ ಎಂಗಸ್ರು ಮೀನ್ ಮಾರ್ತಾ ಕೂತಿದ್ರು. ಒಬ್ಳ್ ಮುಂದೆ ಓಗಿ ಕೂತ್ಕಂಡೆ. ಯಾಕೋ ಕೇಳವಾ ಅನ್ನಿಸ್ತು. ಕೇಳ್ದೆ. ಇಲ್ಲಿ ಗಂಡ ದೋಣೀಲಿ ಓಗಿ ಬರ್ದೇ ಇರೋಳು ಯಾರಾನ ಅವ್ಳೇನವ್ವ ಅಂತ. ಅವ್ಳೇನಂದ್ಲು ಗೊತ್ತಾ?"

"ಏನಂದಳು?"

"ಯಾರ್ನ ಕೇಳ್ತೀಯ, ನನ್ನಾ, ನಮ್ ಅಕ್ಕನ್ನಾ, ಅಂದ್ಲು."

ನಾನು ಕುರ್ಚಿ ಎಳೆದು ಅವಳ ಹತ್ತಿರ ಕೂತೆ. ಸಣ್ಣತಾಯಮ್ಮ ಮಾತ್ರ ನೆಟ್ಟಗೆ ಕೂತು, ಏನೋ ಕೆಲಸ ಮುಗಿಸಿ ಬಂದವಳ ಹಾಗೆ ಹೇಳುತ್ತಿದ್ದಳು. "ಅವ್ರೆಕಾಯ್ನೆಲ್ಲ ಅವಳ್ಗೇ ಕೊಟ್ ಬಂದೆ. ಎಂಗೆ ಬೇಯ್ಸೋದು ಅಂತ್ಲೂ ಏಳ್ಕೊಟ್ಟೆ. ಅವ್ಳೇ ಈ ಒಣಮೀನು ಕೊಟ್ಳು. ನೀವು ತಿಂತೀರಲ್ಲ, ಅದ್ಕೇ ತಂದೆ. ಅವ್ಳು ಇಲ್ಲ ಅಂದ್ರಲ್ಲ ಸಾಬ್ರೇ. ಇದ್ಲು. ನಿಮ್ಗೆ ಗೊತ್ತಿರ್ಲಿಲ್ಲ ಅಷ್ಟೇಯ."

"ಯಾವ ಊರವ್ವ ಅದು?" ಎಂದೆ.

ಪೊಟ್ಟಣವನ್ನು ನನ್ನ ಮುಂದೆ ಸರಿಸಿದಳು. "ಊರ್ ಎಸ್ರು ನಾನೇನ್ ಕೇಳ್ಲಿಲ್ಲ ಬುಡಿ" ಎಂದಳು.

ಅವಳು ಹೋದ ಮೇಲೆ ಪೊಟ್ಟಣ ನೋಡುತ್ತಾ ಕೂತೆ. ಅವಳು ನಿಜ ಹೇಳಿದಳೋ, ಅಥವಾ ನಾನು ಅವಳಿಗೆ ಮಾಡಿದ್ದನ್ನೇ ಅವಳು ನನಗೆ ಮಾಡಿದಳೋ? ಒಣಮೀನು ಹುಣಸೂರಿನ ಸಂತೆಯಲ್ಲೂ ಸಿಗುತ್ತದೆ. ನನ್ನ ಮುಖ ನೋಡಲಾರದೆ, ಸಾಬರು ನೆಮ್ಮದಿಯಾಗಿರಲಿ ಎಂದು ಒಂದು ಕತೆ ಕಟ್ಟಿರಬಹುದು. ಹಾಗಿದ್ದರೆ ನನಗಿಂತ ಚೆನ್ನಾಗಿ ಕಟ್ಟಿದ್ದಾಳೆ. ಯಾಕೆಂದರೆ ನನ್ನ ಹೊಟ್ಟೆಯೂ ಅವತ್ತು ತಣ್ಣಗಾಗಿತ್ತು.

ಗೊತ್ತು ಮಾಡಿಕೊಳ್ಳುವ ದಾರಿ ಎದುರಿಗೇ ಇತ್ತು. ಸುತ್ತಿದ್ದ ಪೇಪರು ಮೈಸೂರಿನದೋ ಕರಾವಳಿ ಕಡೆಯದೋ ಎಂದು ಬಿಡಿಸಿ ನೋಡಿದರೆ ಸಾಕಿತ್ತು. ಕಡಲೆಕಾಯಿ ಕಟ್ಟಿದ ಚೂರು ಕಾಗದವನ್ನೂ ಬಿಡದೆ ಓದುವ ಕಣ್ಣು ನನ್ನದು. ಹೆಂಡತಿಯನ್ನು ಕರೆದೆ. ಮೀನು ತೆಗೆದಿಟ್ಟುಕೊಂಡು ಪೇಪರನ್ನು ನೀರೊಲೆಗೆ ಹಾಕಿಬಿಡು ಎಂದೆ. ಅವಳು ಹಾಕಿ ಬರುವವರೆಗೆ ಬೀದಿಯ ಕಡೆ ಮುಖ ತಿರುಗಿಸಿ ಕೂತಿದ್ದೆ.